ಕೋಡು ಬರೆದೆವು, ಕುರ್ಚಿ ಮರೆತೆವು! ಓಪನ್ ಸೋರ್ಸ್ ಸಂಸ್ಥೆಗಳ ಚುನಾವಣೆ ನಮಗೇಕೆ ಬೇಕು?

ಫೆಬ್ರವರಿ 17, 2025, ಸೋಮವಾರ. ಅಮೆರಿಕದಲ್ಲಿ ಪ್ರೆಸಿಡೆಂಟ್ಸ್ ಡೇ ರಜೆ. ಬೇ ಏರಿಯಾದಲ್ಲಿ ಮಧ್ಯಾಹ್ನ 3 ಗಂಟೆ 59 ನಿಮಿಷ ಎಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಐದೂವರೆಗೆ ಒಂದೇ ನಿಮಿಷ ಬಾಕಿ. ಎರಡು ಗಡಿಯಾರ ಇಟ್ಟುಕೊಂಡು ಬಾಳುವ ನಮಗೆ ಈ ಲೆಕ್ಕ ಬೆರಳ ತುದಿಯಲ್ಲಿದೆ. ಊರಿಗೆ ಫೋನು ಮಾಡುವ ಮುನ್ನ 'ಅಮ್ಮ ಎದ್ದಿರುತ್ತಾರಾ?' ಎಂದು ಯೋಚಿಸದ ಅನಿವಾಸಿ ಕನ್ನಡಿಗರುಂಟೆ?

ಅಂದು ಇದೇ ಗಡಿಯಾರದ ಲೆಕ್ಕ ಒಬ್ಬ ಅಭ್ಯರ್ಥಿಯ ನಾಮಪತ್ರವನ್ನು ನುಂಗಿ ಹಾಕಿತು. ಓಪನ್ ಸೋರ್ಸ್ ಇನಿಷಿಯೇಟಿವ್ (ಚಿಕ್ಕದಾಗಿ ಓಎಸ್ಐ) ಎಂಬ ಕ್ಯಾಲಿಫೋರ್ನಿಯಾದ ಲಾಭರಹಿತ ಸಂಸ್ಥೆಯ ಆಡಳಿತ ಮಂಡಳಿಗೆ ಚುನಾವಣೆ ಇತ್ತು. ನಾಮಪತ್ರಕ್ಕೆ ಕಡೆಯ ದಿನ ಫೆಬ್ರವರಿ 17. ಒಬ್ಬರು ಪೆಸಿಫಿಕ್ ಸಮಯದ ಪ್ರಕಾರ ಅದೇ ದಿನ ರಾತ್ರಿ ಅರ್ಜಿ ಹಾಕಿದರು. 'ಗಡುವು ಯುಟಿಸಿ ಸಮಯದಲ್ಲಿ, ಅದು ಮಧ್ಯಾಹ್ನವೇ ಮುಗಿಯಿತು' ಎಂದಿತು ಸಂಸ್ಥೆ. 'ನಮಗೆ ಬಂದ ಸೂಚನೆಯಲ್ಲಿ ಯಾವ ಊರಿನ ಸಮಯ ಎಂದು ಹೇಳಿರಲಿಲ್ಲವಲ್ಲ' ಎಂದರು ಅರ್ಜಿದಾರರು. ಅರ್ಜಿ ತಿರಸ್ಕೃತವಾಯಿತು.

ಇದೇನು ದೊಡ್ಡ ಸುದ್ದಿಯೇ? ಯಾವುದೋ ಸಾಫ್ಟ್‌ವೇರ್ ಸಂಘದ ಒಳಜಗಳ ನಮಗೇಕೆ ಎಂದು ನೀವು ಕೇಳಬಹುದು. ಆದರೆ ಸನ್ನಿವೇಲ್, ಫ್ರೀಮಾಂಟ್, ಮಿಲ್ಪಿಟಾಸ್‌ಗಳ ನಮ್ಮ ಮನೆಗಳಲ್ಲಿ ಅನ್ನ ಬೇಯುವುದೇ ಈ ಸಾಫ್ಟ್‌ವೇರಿನಿಂದ. ಇನ್ನೊಂದು ಕಾರಣವೂ ಇದೆ. ನೀವು ಈಗ ಓದುತ್ತಿರುವ ಕನ್ನಡ ಅಕ್ಷರಗಳು ಪರದೆಯ ಮೇಲೆ ಮೂಡುವುದರ ಹಿಂದೆಯೂ ಇಂಥ ಸಂಸ್ಥೆಗಳ ಮೇಜುಗಳಲ್ಲಿ ಆದ ತೀರ್ಮಾನಗಳಿವೆ. ಆದ್ದರಿಂದ ಆ ಮೇಜಿನ ಸುತ್ತ ಯಾರು ಕೂರುತ್ತಾರೆ, ಹೇಗೆ ಕೂರುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪಾಲೋ ಆಲ್ಟೋದಲ್ಲಿ ಹುಟ್ಟಿದ ಪದ

ಕಥೆ ಶುರುವಾಗುವುದು ನಮ್ಮ ಅಂಗಳದಲ್ಲೇ. 1998ರ ಜನವರಿ 22ರಂದು ಮೌಂಟನ್ ವ್ಯೂನ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಮೂಲ ಕೋಡನ್ನು ಎಲ್ಲರಿಗೂ ಕೊಡುತ್ತೇನೆಂದು ಘೋಷಿಸಿತು. ಮುಂದೆ ಫೈರ್‌ಫಾಕ್ಸ್ ಆಗಿ ಬೆಳೆದದ್ದು ಅದೇ ಬಳ್ಳಿ. ಆ ಘೋಷಣೆಯ ಬೆನ್ನಿಗೇ, ಫೆಬ್ರವರಿ 3ರಂದು ಪಾಲೋ ಆಲ್ಟೋದಲ್ಲಿ ಕೆಲವರು ಸಭೆ ಸೇರಿದರು. 'ಫ್ರೀ ಸಾಫ್ಟ್‌ವೇರ್' ಎಂದರೆ ಜನ 'ಬಿಟ್ಟಿ ಸಾಫ್ಟ್‌ವೇರ್' ಎಂದುಕೊಳ್ಳುತ್ತಾರೆ, ಬೇರೆ ಹೆಸರು ಬೇಕು ಎಂಬ ಚರ್ಚೆ ನಡೆಯಿತು. ಕ್ರಿಸ್ಟೀನ್ ಪೀಟರ್ಸನ್ ಎಂಬಾಕೆ ಸೂಚಿಸಿದ್ದ 'ಓಪನ್ ಸೋರ್ಸ್' ಎಂಬ ಪದ ಆ ಸಭೆಯಲ್ಲಿ ನಿಂತಿತು. ಅದೇ ತಿಂಗಳು ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಸೇರಿ ಓಎಸ್ಐ ಕಟ್ಟಿದರು.

ಈ ಸಂಸ್ಥೆಯ ಮುಖ್ಯ ಆಸ್ತಿ ಒಂದು ವ್ಯಾಖ್ಯೆ. ಹತ್ತು ಅಂಶಗಳ ಆ ವ್ಯಾಖ್ಯೆಗೆ ಹೊಂದುವ ಲೈಸೆನ್ಸ್ ಇದ್ದರೆ ಮಾತ್ರ ಅದನ್ನು 'ಓಪನ್ ಸೋರ್ಸ್' ಎಂದು ಸಂಸ್ಥೆ ಒಪ್ಪುತ್ತದೆ. ಕಂಪನಿಗಳ ವಕೀಲರು ಅದರ ಪಟ್ಟಿಯನ್ನು ನೋಡಿ 'ಇದನ್ನು ಬಳಸಬಹುದು, ಇದನ್ನು ಬೇಡ' ಎನ್ನುತ್ತಾರೆ. ಸೈನ್ಯವಿಲ್ಲ, ಖಜಾನೆಯಿಲ್ಲ, ಆದರೆ ಪದದ ಮೇಲೆ ಹಿಡಿತವಿದೆ. ಪದದ ಮೇಲಿನ ಹಿಡಿತ ಸಣ್ಣ ಅಧಿಕಾರವಲ್ಲ ಎಂಬುದು ಭಾಷೆಯ ಹೆಸರಿನಲ್ಲಿ ಸಂಘ ಕಟ್ಟಿಕೊಂಡಿರುವ ನಮಗೆ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಮಂಡಳಿಯೂ ಒಂದೇ ಅಲ್ಲ

'ಓಪನ್ ಸೋರ್ಸ್' ಎಂದ ಕೂಡಲೇ ಎಲ್ಲವೂ ಪ್ರಜಾಪ್ರಭುತ್ವ ಎಂದುಕೊಳ್ಳುವವರು ನಮ್ಮಲ್ಲಿ ಬಹಳ. ಕೋಡು ಮುಕ್ತವಾಗಿರುತ್ತದೆ ನಿಜ, ಕುರ್ಚಿಯೂ ಮುಕ್ತವಾಗಿರಬೇಕೆಂದೇನೂ ಇಲ್ಲ! ನಮಗೆ ಕಂಡಂತೆ ಈ ಸಂಸ್ಥೆಗಳಲ್ಲಿ ಮೂರು ಬಗೆ.

ಮೊದಲನೆಯದು, ಕೆಲಸ ಮಾಡಿದವರೇ ಮತ ಹಾಕುವ ಬಗೆ. 1999ರಲ್ಲಿ ಹುಟ್ಟಿದ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಪ್ರತಿ ವರ್ಷ 9 ನಿರ್ದೇಶಕರನ್ನು ಆರಿಸುತ್ತದೆ. ಮತದಾರರು ಅದರ ಸದಸ್ಯರು, ಅಂದರೆ ವರ್ಷಗಟ್ಟಲೆ ದುಡಿದು ಸದಸ್ಯತ್ವ ಗಳಿಸಿದವರು. 2000ದಲ್ಲಿ ಆರಂಭವಾದ ಗ್ನೋಮ್ ಫೌಂಡೇಶನ್ನಿನಲ್ಲಿಯೂ ಯೋಜನೆಗೆ ಕೊಡುಗೆ ಕೊಟ್ಟವರು ಸದಸ್ಯರಾಗಿ ಮತ ಹಾಕುತ್ತಾರೆ. ಕೊಡುಗೆ ಎಂದರೆ ಕೋಡು ಮಾತ್ರವಲ್ಲ, ಭಾಷಾಂತರವೂ ಸೇರಿ. ಒಂದೇ ಕಂಪನಿಯ ನೌಕರರು ಮಂಡಳಿಯಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಇರಬಾರದು ಎಂಬ ಕಟ್ಟಳೆಯನ್ನೂ ಅದು ಇಟ್ಟುಕೊಂಡಿದೆ. ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನಲ್ಲಿ ತಿಂಗಳಿಗೆ 5 ಗಂಟೆ ಸ್ವಯಂಸೇವೆ ಮಾಡುವವರು ಮತದ ಹಕ್ಕು ಪಡೆಯಬಹುದು.

ಎರಡನೆಯದು, ಜನ ಮತ ಹಾಕಿದರೂ ಕೊನೆಯ ಮುದ್ರೆ ಒತ್ತುವುದು ಹಳೆಯ ಮಂಡಳಿಯೇ ಆದ ಬಗೆ. 2025ರಲ್ಲಿ ಓಎಸ್ಐ ಈ ಸಾಲಿನದಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ವಿಕಿಮೀಡಿಯಾ ಫೌಂಡೇಶನ್ ಕೂಡ ಹೀಗೆಯೇ. ಕನ್ನಡ ವಿಕಿಪೀಡಿಯವನ್ನೂ ಅದನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವನ್ನೂ ನೋಡಿಕೊಳ್ಳುವುದು ಇದೇ ಸಂಸ್ಥೆ. ಚುನಾವಣೆ ನಡೆಯುತ್ತದೆ, ಗೆದ್ದವರನ್ನು ಮಂಡಳಿ ನೇಮಿಸಿಕೊಳ್ಳುತ್ತದೆ.

ಮೂರನೆಯದು, ನಮ್ಮ ನಿಮ್ಮ ಮತಕ್ಕೆ ಜಾಗವೇ ಇಲ್ಲದ ಬಗೆ. ಮೊಜಿಲ್ಲಾ ಫೌಂಡೇಶನ್ನಿನ ಮಂಡಳಿಯನ್ನು ಸಾರ್ವಜನಿಕರು ಆರಿಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಲಿನಕ್ಸ್ ಫೌಂಡೇಶನ್ ಕಾನೂನಿನ ಪ್ರಕಾರ ವ್ಯಾಪಾರಿ ಸಂಘದ ಸಾಲಿಗೆ ಸೇರಿದ್ದು, ಅಂದರೆ 501(ಸಿ)(6). ಮಂಡಳಿಯಲ್ಲಿ ದೊಡ್ಡ ಕಂಪನಿಗಳದೇ ಮೇಲುಗೈ. ಹಿಂದೆ ಅಲ್ಲಿ ಬಿಡಿ ಸದಸ್ಯರು ಕೂಡ ತಮ್ಮ ಪ್ರತಿನಿಧಿಯನ್ನು ಆರಿಸಬಹುದಿತ್ತು. 2016ರ ಜನವರಿಯಲ್ಲಿ ಬೈಲಾ ತಿದ್ದಿ ಆ ಚುನಾವಣೆಯನ್ನೇ ತೆಗೆದುಹಾಕಲಾಯಿತು. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯ ಕ್ಯಾರನ್ ಸ್ಯಾಂಡ್ಲರ್ ತಾವು ಸ್ಪರ್ಧಿಸುವುದಾಗಿ ಹೇಳಿದ ಸ್ವಲ್ಪ ಕಾಲದಲ್ಲೇ ಇದು ನಡೆದಿದ್ದರಿಂದ ಸಾಕಷ್ಟು ಗುಲ್ಲಾಯಿತು. ಗುಲ್ಲು ಅಡಗಿತು, ಬೈಲಾ ಮಾತ್ರ ಉಳಿಯಿತು.

ಮತ ಬಿದ್ದ ಮೇಲೆ ಬಂದ ಕಾಗದ

ಈಗ ಮತ್ತೆ 2025ಕ್ಕೆ ಬರೋಣ. ನಾಮಪತ್ರದ ಗಲಾಟೆ ಬರೀ ಮುನ್ನುಡಿ. ಆ ಚುನಾವಣೆಯಲ್ಲಿ ಬ್ರಾಡ್ಲಿ ಕುನ್ ಮತ್ತು ರಿಚರ್ಡ್ ಫಾಂಟಾನಾ ಎಂಬಿಬ್ಬರು 'ಸಂಸ್ಥೆ ಸುಧಾರಣೆಯಾಗಬೇಕು' ಎಂಬ ಘೋಷಣೆಯೊಂದಿಗೆ ನಿಂತಿದ್ದರು. ಇಬ್ಬರೂ ಈ ಕ್ಷೇತ್ರದಲ್ಲಿ ಹಳೆಯ ಕುಳಗಳು, ಲೈಸೆನ್ಸ್ ವಿಷಯದಲ್ಲಿ ಪಳಗಿದವರು. ಮತದಾನ ಮುಗಿದ ಮೇಲೆ ಅಭ್ಯರ್ಥಿಗಳ ಕೈಗೆ ಒಂದು ಒಪ್ಪಂದ ಪತ್ರ ಬಂತು. ಮಂಡಳಿಯ ನಿರ್ಧಾರಗಳನ್ನು, ಒಮ್ಮತವಿಲ್ಲದೆ ಆದವನ್ನೂ, ನಿರ್ದೇಶಕರು ಬಹಿರಂಗವಾಗಿ ಬೆಂಬಲಿಸಬೇಕು ಎಂಬ ಅಂಶ ಅದರಲ್ಲಿತ್ತು. ಅವರಿಬ್ಬರು ತಮಗೆ ಒಪ್ಪಿಗೆಯಾಗದ ಭಾಗಗಳನ್ನು ತಿದ್ದಿ ಸಹಿ ಹಾಕಿದರು. ಒಪ್ಪಂದ ಎಲ್ಲರಿಗೂ ಒಂದೇ, ತಿದ್ದುವಂತಿಲ್ಲ ಎಂಬುದು ಸಂಸ್ಥೆಯ ನಿಲುವು. ಇಬ್ಬರನ್ನೂ ಕೈಬಿಟ್ಟು ಫಲಿತಾಂಶ ಪ್ರಕಟಿಸಲಾಯಿತು. ಅವರಿಗೆ ಎಷ್ಟು ಮತ ಬಿದ್ದಿತ್ತು ಎಂಬುದು ಮತ ಹಾಕಿದವರಿಗೂ ತಿಳಿಯಲಿಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಕಿಮೀಡಿಯಾದಲ್ಲೂ ಅಂಥದೇ ಪ್ರಸಂಗ. ಅಂತಿಮ ಪಟ್ಟಿಯಲ್ಲಿದ್ದ ಆರು ಮಂದಿಯಲ್ಲಿ ಇಬ್ಬರನ್ನು ಮಂಡಳಿ ಮತದಾನಕ್ಕೆ ಮುನ್ನವೇ ಕೈಬಿಟ್ಟಿತು.

ಯಾರು ಸರಿ, ಯಾರು ತಪ್ಪು? ಸಂಸ್ಥೆಗಳ ಪರವಾಗಿಯೂ ಹೇಳುವ ಮಾತಿದೆ. ನಿರ್ದೇಶಕರ ಕರ್ತವ್ಯ ಕಾನೂನಿನದು. ಅವರು ತಮಗೆ ಮತ ಹಾಕಿದವರಿಗಷ್ಟೇ ಅಲ್ಲ, ಇಡೀ ಸಂಸ್ಥೆಗೆ ನಿಷ್ಠರಾಗಿರಬೇಕು. ಒಳಗೆ ಕೂತು ತೀರ್ಮಾನ ಮಾಡಿ, ಹೊರಗೆ ಬಂದು ಅದನ್ನೇ ಬೈಯುವವರಿಂದ ಯಾವ ಸಂಘ ನಡೆದೀತು? ನಮ್ಮ ಕನ್ನಡ ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ದುಡಿದವರಿಗೆ ಈ ಸಂಕಟ ಗೊತ್ತು.

ಆದರೂ ನಮಗೆ ಒಂದು ಮಾತು ಒಪ್ಪಿಗೆಯಾಗುವುದಿಲ್ಲ. ಷರತ್ತೇನಿದ್ದರೂ ನಾಮಪತ್ರದ ದಿನವೇ ಮುಂದಿಡಬೇಕು. ಮತ ಬಿದ್ದ ಮೇಲೆ ಕಾಗದ ಚಾಚುವುದು, ಎಲೆ ಹಾಕಿ ಅನ್ನ ಬಡಿಸಿ ಆದಮೇಲೆ 'ಈ ಪಂಕ್ತಿ ನಿಮಗಲ್ಲ' ಎಂದಂತೆ. ಹಾಗೆ ಎಬ್ಬಿಸಿಕೊಂಡವನ ಮುಖವನ್ನು ಪಕ್ಕದಲ್ಲಿ ಕೂತವರೂ ಮರೆಯುವುದಿಲ್ಲ. ಸೋತವರಿಗಿಂತ ಹೆಚ್ಚಾಗಿ ಮತದಾರರ ವಿಶ್ವಾಸ ಕೆಡುತ್ತದೆ. ಇದೇ ಓಎಸ್ಐ 2021ರಲ್ಲಿ ಮತದಾನ ವ್ಯವಸ್ಥೆಯಲ್ಲಿ ದೋಷ ಸಿಕ್ಕಾಗ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು ಚುನಾವಣೆಯನ್ನು ಮತ್ತೆ ನಡೆಸಿತ್ತು. ಅಂದು ತೋರಿದ ದೊಡ್ಡತನ ನಾಲ್ಕು ವರ್ಷಗಳ ಮೇಲೆ ಕಾಣಲಿಲ್ಲ ಎಂಬುದೇ ನಮ್ಮ ಬೇಸರ.

ಅಲ್ಲಿ ಕೂತು ಮಾಡುವುದೇನು?

ಈ ಮಂಡಳಿಗಳಲ್ಲಿ ಕೋಡು ಬರೆಯುವುದಿಲ್ಲ. ಹಣ, ಜನ, ಹೆಸರು, ನಿಯಮ, ಈ ನಾಲ್ಕರ ಮೇಲೆ ತೀರ್ಮಾನ ಮಾಡುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಪೈಥಾನ್ ಸಂಸ್ಥೆಯ ಮಂಡಳಿ ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಬರಬಹುದಾಗಿದ್ದ 15 ಲಕ್ಷ ಡಾಲರ್ ಅನುದಾನದ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ಕಾರ್ಯಕ್ರಮಗಳನ್ನು ನಡೆಸುವುದಿಲ್ಲ ಎಂದು ಬರೆದುಕೊಡಬೇಕಿತ್ತು, ತಪ್ಪಿದರೆ ಕೊಟ್ಟ ಹಣವನ್ನೂ ವಾಪಸು ಕೇಳಬಹುದಿತ್ತು. ಅಷ್ಟು ಹಣ ಬೇಡ ಎನ್ನುವುದು ಆ ಗಾತ್ರದ ಸಂಸ್ಥೆಗೆ ಹಗುರವಾದ ಮಾತಲ್ಲ. ಸರಿಯೋ ತಪ್ಪೋ, ಆ ಭಾರವನ್ನು ಹೊತ್ತವರು ಸದಸ್ಯರು ಆರಿಸಿ ಕಳಿಸಿದ ನಿರ್ದೇಶಕರು. 2024ರಲ್ಲಿ ಗ್ನೋಮ್ ಮಂಡಳಿ ವರ್ಷಗಳ ಕೊರತೆಯ ನಂತರ ಖರ್ಚಿಗೆ ಕತ್ತರಿ ಹಾಕಿ, ಸಿಬ್ಬಂದಿಯನ್ನು ಕಡಿಮೆ ಮಾಡಬೇಕಾಯಿತು. ಅಂಥ ಸಂಜೆಗಳಲ್ಲಿ ಮಂಡಳಿಯಲ್ಲಿ ಕೂರುವುದು ಸುಖದ ಕೆಲಸವಲ್ಲ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

2024ರ ಅಕ್ಟೋಬರ್ 28ರಂದು ಓಎಸ್ಐ ಕೃತಕ ಬುದ್ಧಿಮತ್ತೆಗೂ ಒಂದು ವ್ಯಾಖ್ಯೆ ಹೊರಡಿಸಿತು. 'ಓಪನ್ ಸೋರ್ಸ್ ಎಐ' ಎಂದು ಕರೆದುಕೊಳ್ಳಲು ಕೋಡು ಕೊಡಬೇಕು, ಕಲಿತ ಮಾದರಿಯ ಅಂಕಿಗಳನ್ನು ಕೊಡಬೇಕು. ಆದರೆ ಕಲಿಸಲು ಬಳಸಿದ ಪಠ್ಯವನ್ನೆಲ್ಲ ಕೊಡಬೇಕಿಲ್ಲ, ಅದರ ಬಗ್ಗೆ ಸಾಕಷ್ಟು ವಿವರ ಕೊಟ್ಟರೆ ಸಾಕು. 2025ರ ಚುನಾವಣೆ ಕಾವೇರಿದ್ದಕ್ಕೆ ಇದೂ ಒಂದು ಕಾರಣ.

ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಸಾರಿನ ಪುಡಿಯ ಡಬ್ಬಿ ಕೊಟ್ಟರು, ಹುರಿಯುವ ವಿಧಾನ ಬರೆದುಕೊಟ್ಟರು, ಮೆಣಸಿನಕಾಯಿ ಬ್ಯಾಡಗಿಯದೋ ಗುಂಟೂರಿನದೋ ಎಂದೂ ಹೇಳಿದರು. ಮೆಣಸಿನಕಾಯಿಯನ್ನು ಮಾತ್ರ ಕೊಡಲಿಲ್ಲ. 'ಅಷ್ಟು ಸಾಕು, ಎಷ್ಟೋ ಪಠ್ಯವನ್ನು ಕಾನೂನಿನ ತೊಡಕಿನಿಂದ ಹಂಚುವಂತೆಯೇ ಇಲ್ಲ' ಎಂದು ಒಂದು ಪಕ್ಷ. 'ಮೆಣಸಿನಕಾಯಿಯಿಲ್ಲದೆ ಅದೇ ಪುಡಿ ಮತ್ತೆ ಮಾಡುವುದು ಹೇಗೆ?' ಎಂದು ಇನ್ನೊಂದು ಪಕ್ಷ.

ಇಂಗ್ಲಿಷಿಗೆ ಇದು ಸಿದ್ಧಾಂತದ ಜಗಳ ಇರಬಹುದು. ಕನ್ನಡಕ್ಕೆ ಹೊಟ್ಟೆಯ ಪ್ರಶ್ನೆ. ಅಂತರ್ಜಾಲದಲ್ಲಿ ನಮ್ಮ ಪಠ್ಯವೇ ಕಡಿಮೆ. ಒಂದು ಮಾದರಿ ಕನ್ನಡವನ್ನು ತಪ್ಪಾಗಿ ಬರೆದರೆ, ಅದು ಯಾವ ಕನ್ನಡ ಓದಿ ಕಲಿಯಿತು, ಧಾರವಾಡದ ಮಾತು ಅದರಲ್ಲಿತ್ತೇ, ಮಂಗಳೂರಿನದಿತ್ತೇ, ಬರೀ ಯಂತ್ರದ ಅನುವಾದವಿತ್ತೇ ಎಂದು ನೋಡಿದರೆ ತಾನೇ ತಿದ್ದಲು ಸಾಧ್ಯ? ಮದ್ರಾಸ್ ಐಐಟಿಯ ಎಐ4ಭಾರತ್ ಬಳಗ ಕನ್ನಡವೂ ಸೇರಿದಂತೆ 22 ಭಾರತೀಯ ಭಾಷೆಗಳಿಗೆ ಮುಕ್ತ ಅನುವಾದ ಮಾದರಿ ಕಟ್ಟಿದೆ. ಅಂಥವರ ಕೆಲಸಕ್ಕೆ ಪಠ್ಯವೇ ಬಂಡವಾಳ. ಈ ಚರ್ಚೆಯಲ್ಲಿ ಕನ್ನಡದಂಥ ಭಾಷೆಯ ಪರವಾಗಿ ಮಾತಾಡುವವರು ಮಂಡಳಿಯ ಒಳಗೆ ಇದ್ದರೆ ಪ್ರಶ್ನೆಯಾದರೂ ಏಳುತ್ತದೆ.

ಕೇಳಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಯೂನಿಕೋಡ್ ಸಾಕ್ಷಿ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ನೋಂದಣಿಯಾದ ಈ ಲಾಭರಹಿತ ಸಂಸ್ಥೆ ಅಕ್ಷರಗಳಿಗೆ ಸಂಖ್ಯೆ ಕೊಡುವುದಷ್ಟೇ ಅಲ್ಲ, ಐಸಿಯು ಎಂಬ ಮುಕ್ತ ತಂತ್ರಾಂಶವನ್ನೂ ಸಿಎಲ್‌ಡಿಆರ್ ಎಂಬ ಭಾಷಾ ಮಾಹಿತಿಯ ಕಣಜವನ್ನೂ ನಡೆಸುತ್ತದೆ. ಫೋನಿನಲ್ಲಿ 'ಸೋಮವಾರ', 'ಮಂಗಳವಾರ' ಎಂದು ಕನ್ನಡದಲ್ಲಿ ಬರುವುದು ಅಂಥ ಕಣಜದಿಂದ. ಮಂಡಳಿಯ ಚುನಾವಣೆಯಲ್ಲಿ ಬಿಡಿ ವ್ಯಕ್ತಿಗಳಿಗೆ ಮತವಿಲ್ಲ. ಆದರೆ ಪ್ರಸ್ತಾವ ಯಾರು ಬೇಕಾದರೂ ಸಲ್ಲಿಸಬಹುದು. ಹಳಗನ್ನಡ ಬರಹಗಳಲ್ಲಿ ಕಾಣುವ ನಕಾರ ಪೊಲ್ಲು 2021ರಲ್ಲಿ ಯೂನಿಕೋಡ್ 14ಕ್ಕೆ ಸೇರಿತು. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರ ಪ್ರಸ್ತಾವದ ಫಲವಾಗಿ ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್ 16ರಲ್ಲಿ ಜಾಗ ಪಡೆಯಿತು. ಯಾರೋ ಕೂತು ಕಾಗದ ಬರೆದರು, ಪ್ರಶ್ನೆಗೆ ಉತ್ತರ ಕೊಟ್ಟರು, ವರ್ಷಗಟ್ಟಲೆ ಕಾದರು. ಅಷ್ಟೇ ಗುಟ್ಟು.

ನಿಲ್ಲುವವರಿಗೆ ನಾಲ್ಕು ಮಾತು

ನಮ್ಮ ಹಬ್ಬದ ಕಾರ್ಯಕ್ರಮಗಳ ಊಟದ ಸಾಲಿನಲ್ಲಿ ನಿಂತು ಕೇಳಿ ನೋಡಿ. ಈ ಯೋಜನೆಗೆ ಪ್ಯಾಚ್ ಕಳಿಸಿದವರು, ಆ ಯೋಜನೆಯ ದೋಷ ತಿದ್ದಿದವರು ಸಿಗುತ್ತಾರೆ. 'ಅದರ ಮಂಡಳಿಗೆ ಮತ ಹಾಕಿದ್ದೀರಾ?' ಎಂದರೆ 'ಅಯ್ಯೋ, ಅದೆಲ್ಲ ರಾಜಕೀಯ ಸಾರ್, ನಮಗ್ಯಾಕೆ' ಎಂದು ಪಲ್ಯದ ಕಡೆ ತಟ್ಟೆ ಚಾಚುತ್ತಾರೆ. ನಾವೂ ಆ ಸಾಲಿನಲ್ಲಿ ಹಾಗೆಯೇ ಹೇಳಿದವರು, ಮುಚ್ಚಿಡುವುದೇಕೆ? 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಚುನಾವಣೆಯ ಗದ್ದಲವನ್ನು ನೋಡಿ ಬೆಳೆದ ನಮಗೆ ಚುನಾವಣೆ ಎಂದರೆ ಸ್ವಲ್ಪ ಅಲರ್ಜಿ. ಆದರೆ ಒಳ್ಳೆಯವರು ದೂರ ಉಳಿದರೆ ಗದ್ದಲ ಕಡಿಮೆಯಾಗುವುದಿಲ್ಲ.

ಮನಸ್ಸು ಮಾಡುವವರು ಗಮನಿಸಬೇಕಾದದ್ದು ಇಷ್ಟು.

ಒಂದು, ಮೊದಲು ಬೈಲಾ ಓದಿ. ಮತಕ್ಕೆ ಬೆಲೆ ಎಷ್ಟು, ಕೊನೆಗೆ ನೇಮಿಸುವವರು ಯಾರು, ಗಡುವು ಯಾವ ಕಾಲವಲಯದ್ದು, ಸಹಿ ಹಾಕಬೇಕಾದ ಕಾಗದ ಯಾವುದು ಎಂದು ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ. 2025ರ ಪಾಠ ಇದೇ.

ಎರಡು, ಲೆಕ್ಕಪತ್ರ ನೋಡಿ. ತೆರಿಗೆ ವಿನಾಯಿತಿ ಪಡೆದ ಇಂಥ ಸಂಸ್ಥೆಗಳು ಸಲ್ಲಿಸುವ 990 ಎಂಬ ವಾರ್ಷಿಕ ಫಾರಂ ಸಾರ್ವಜನಿಕ ದಾಖಲೆ. ಆದಾಯ ಎಲ್ಲಿಂದ, ಸಂಬಳ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ವಾರ್ಷಿಕ ಸಭೆಯಲ್ಲಿ 'ಹಾಲ್ ಬಾಡಿಗೆ ಇಷ್ಟೊಂದು ಯಾಕೆ?' ಎಂದು ಕೇಳುವ ಹಿರಿಯರ ಕಣ್ಣು ಅಲ್ಲಿಯೂ ಬೇಕು.

ಮೂರು, ಕೆಲಸ ಕೊಟ್ಟ ಕಂಪನಿಯನ್ನು ಕೇಳಿ. ಹೊರಗಿನ ಮಂಡಳಿಯಲ್ಲಿ ಕೂರಲು ಬಹಳ ಕಂಪನಿಗಳು ಅನುಮತಿ ಕೇಳುತ್ತವೆ. ಇಂಥ ಹುದ್ದೆಗಳಿಗೆ ಸಾಮಾನ್ಯವಾಗಿ ಸಂಬಳವಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಅದನ್ನು ಖಚಿತಪಡಿಸಿಕೊಂಡು, ವಕೀಲರನ್ನು ವಿಚಾರಿಸಿಯೇ ಮುಂದುವರಿಯಬೇಕು. ನಿರ್ದೇಶಕರಿಗೆ ವಿಮೆ ಇದೆಯೇ ಎಂದೂ ಕೇಳಿ.

ನಾಲ್ಕು, ಮನೆಯವರನ್ನು ಕೇಳಿ! ಯೂರೋಪಿನ ಬೆಳಗು ನಮ್ಮ ನಡುರಾತ್ರಿ. ಸಭೆ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದು. ಮಗಳ ಭರತನಾಟ್ಯದ ತರಗತಿಗೆ ಕಾರು ಓಡಿಸುವವರು ಯಾರು ಎಂಬುದು ಬೈಲಾದಲ್ಲಿ ಇರುವುದಿಲ್ಲ.

ಸ್ಪರ್ಧಿಸುವಷ್ಟು ಬಿಡುವಿಲ್ಲದವರು ಸದಸ್ಯರಾಗಿ ಮತ ಹಾಕಬಹುದು. ವಿಕಿಮೀಡಿಯಾದ 2021ರ ಚುನಾವಣೆಯಲ್ಲಿ ಅರ್ಹರಲ್ಲಿ ಮತ ಹಾಕಿದವರು ಹತ್ತರಲ್ಲಿ ಒಬ್ಬರ ಆಸುಪಾಸು ಮಾತ್ರ. ಇಷ್ಟು ಕಡಿಮೆ ಮತ ಬೀಳುವಲ್ಲಿ ನೂರು ಮತಗಳಿಗೂ ತೂಕವಿದೆ. ಕನ್ನಡ ವಿಕಿಪೀಡಿಯದಲ್ಲಿ ಲೇಖನ ತಿದ್ದುವ ಅತ್ತೆಯವರಿಗೂ ಅಗತ್ಯವಿರುವಷ್ಟು ಸಂಪಾದನೆಗಳಿದ್ದರೆ ಆ ಮತ ಇದೆ.

ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂದರು ಹಿರಿಯರು. ಓಪನ್ ಸೋರ್ಸ್ ಕಟ್ಟಿದ್ದು ಹಾಗೆಯೇ, ಸಾವಿರಾರು ಜನರ ಹನಿಗಳಿಂದ. ಹಳ್ಳಕ್ಕೆ ನೀರು ತುಂಬಿಸುವವರಲ್ಲಿ ನಾವೂ ಇದ್ದೇವೆ. ತೂಬು ಎತ್ತುವವರು ಯಾರು ಎಂಬ ಪ್ರಶ್ನೆಯನ್ನು ಬೇರೆಯವರಿಗೆ ಬಿಟ್ಟು, ಆಮೇಲೆ ನಮ್ಮ ಗದ್ದೆಗೆ ನೀರು ಬರಲಿಲ್ಲ ಎಂದು ಗೊಣಗಿದರೆ ಆದೀತೆ? ಮುಂದಿನ ಬಾರಿ ಯಾವುದಾದರೂ ಸಂಸ್ಥೆಯ ಚುನಾವಣಾ ಸೂಚನೆ ನಿಮ್ಮ ಅಂಚೆಪೆಟ್ಟಿಗೆಗೆ ಬಂದಾಗ ತೆರೆಯದೆ ಅಳಿಸಬೇಡಿ. ಕಡೆಯ ದಿನ ಯಾವುದು ಎಂದು ನೋಡಿ. ಹಾಗೆಯೇ, ಯಾವ ಊರಿನ ಗಡಿಯಾರದ ಪ್ರಕಾರ ಎಂಬುದನ್ನೂ!